ಡ್ರಾಮಾ ಹಾಡು ಇಷ್ಟ ಅಂದರೆ ಕಿವಿ ಕೆಟ್ಟಿದೆ ಅಂತಲೇ?

ಪ್ರಶ್ನೆ: ನಾನು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯವಳು. ಈಗ ಹಾಸನದಲ್ಲಿ ಕೆಲಸದಲ್ಲಿದ್ದೇನೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಸೀನಿಯರ್ ಪರೀಕ್ಷೆ ಆಗಿದೆ, ವಿದ್ವತ್‌ಗೆ ತಯಾರಿ ನಡೆದಿದೆ. ಆದರೆ ನನಗೆ ಮೈ ಜುಮ್ಮೆನ್ನುವುದು ನಮ್ಮ ಕಡೆಯ ಪೌರಾಣಿಕ ನಾಟಕದ ಹಾಡು ಕೇಳಿದಾಗ. ನಾಟಕ ಕಲಿಸುವ ಮೇಷ್ಟ್ರು ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದು, ದುರ್ಯೋಧನ ಕಂದಪದ್ಯ ಎತ್ತಿದರೆ ಸಾಕು. ನಮ್ಮ ದೊಡ್ಡಪ್ಪ ಕುರುಕ್ಷೇತ್ರ ನಾಟಕದಲ್ಲಿ ಭೀಮನ ಪಾತ್ರ ಮಾಡುತ್ತಿದ್ದರು. ಸಂಗೀತದ ಗೆಳತಿಯರು ಇದನ್ನು ಕೇಳಿ ನಗುತ್ತಾರೆ, 'ಅದು ಕಿರುಚಾಟ' ಅನ್ನುತ್ತಾರೆ. ಆಫೀಸಿನಲ್ಲಿ ಇಯರ್‌ಫೋನ್ ಹಾಕಿಕೊಂಡಿದ್ದಾಗ ಯಾರಾದರೂ 'ಏನು ಕೇಳ್ತಿದ್ದೀಯ' ಅಂದರೆ ಬೇರೆ ಯಾವುದೋ ಹಾಡಿನ ಹೆಸರು ಹೇಳುತ್ತೇನೆ. ನನ್ನ ಕಿವಿಯಲ್ಲೇ ದೋಷ ಇದೆಯಾ? ನಗುವವರಿಗೆ ಏನು ಹೇಳಲಿ? ಇದನ್ನೇ ಕೇಳುತ್ತಾ ಹೋದರೆ ನನ್ನ ಹಾಡಿಕೆ ಕೆಡುತ್ತದೆಯಾ?
(ಹೆಸರು ಬೇಡ, ಹಾಸನ)

ಉತ್ತರ: ನಿಮ್ಮ ಕಿವಿಯಲ್ಲಿ ಏನೂ ದೋಷ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಪತ್ರದ ತುಂಬ ಆ ಅಳುಕೇ ಇದೆ. ನಾನು ಈ ಭಾಗದಲ್ಲಿ ಸಂಗೀತ ಕಲಿಸುತ್ತಾ, ನಾಟಕದ ಮೇಷ್ಟ್ರ ಪಕ್ಕ ಕೂತು ಕೇಳುತ್ತಾ ಬಂದಿದ್ದೇನೆ. ಎರಡನ್ನೂ ಇಷ್ಟಪಡುವವರು ನಮ್ಮ ಜಿಲ್ಲೆಯಲ್ಲಿ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹೇಳಿಕೊಳ್ಳುವವರು ಕಡಿಮೆ, ಅಷ್ಟೇ. ಗೆಳತಿಯರು ನಕ್ಕರು ಅನ್ನುವುದು ನನಗೆ ದೊಡ್ಡದಾಗಿ ಕಾಣಲಿಲ್ಲ. ಕೇಳುತ್ತಿರುವುದು ಒಂದು, ಹೇಳುವುದು ಇನ್ನೊಂದು ಅಂದಿರಲ್ಲ, ಅದು ಮನಸ್ಸಿಗೆ ತಟ್ಟಿತು. ಇಷ್ಟು ವರ್ಷ ರಾಗ ತಾಳ ಕಲಿತ ಕಿವಿ ಒಂದನ್ನು ಮೆಚ್ಚಿದರೆ, ಅದರಲ್ಲಿ ಏನೋ ಇದ್ದೇ ಇರುತ್ತದೆ. ಅದು ಏನು ಅಂತ ಗೊತ್ತುಮಾಡಿಕೊಂಡರೆ ಅಳುಕು ತಾನಾಗಿ ಹೋಗುತ್ತದೆ.

ಮೊದಲು ಆ 'ಕಿರುಚಾಟ'ದ ದೂರು. ನಾಟಕದವರು ಎತ್ತರದ ಶ್ರುತಿಯಲ್ಲಿ, ಗಂಟಲು ಬಿಚ್ಚಿ ಹಾಡುತ್ತಾರೆ ಅನ್ನುವುದು ನಿಜ. ಆದರೆ ಈ ಹಾಡಿಕೆ ಬೆಳೆದದ್ದು ಮೈಕ್ ಇಲ್ಲದ ಕಾಲದಲ್ಲಿ, ಡೇರೆ ಹಾಕಿಕೊಂಡು ಊರೂರು ತಿರುಗುತ್ತಿದ್ದ ಕಂಪನಿಗಳಲ್ಲಿ. ಮುಂದೆ ಚಾಪೆ, ಹಿಂದೆ ಬೆಂಚು, ಅದರಾಚೆ ನಿಂತ ಜನ. ಮಕ್ಕಳ ಅಳು, ಕಡಲೆಕಾಯಿ ಮಾರುವವನ ಕೂಗು. ಅದೆಲ್ಲದರ ಮೇಲೆ ಹಾಡಿನ ಒಂದೊಂದು ಅಕ್ಷರವೂ ಕೊನೆಯ ಸಾಲಿಗೆ ಮುಟ್ಟಬೇಕಿತ್ತು. ನಮ್ಮ ಕಿವಿ ಎಲ್ಲ ಸದ್ದಿಗೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಸೆಕೆಂಡಿಗೆ 2,000ದಿಂದ 5,000 ಕಂಪನಗಳ ನಡುವಿನ ಸದ್ದಿಗೆ ಅದು ತುಂಬ ಚುರುಕು. ಪಶ್ಚಿಮದ ಒಪೆರಾ ಗಾಯಕರ ದನಿಯಲ್ಲಿ, ಅದರಲ್ಲೂ ಗಂಡಸರ ದನಿಯಲ್ಲಿ, ಸುಮಾರು 3,000 ಕಂಪನಗಳ ಸುತ್ತ ಒಂದು ಮೊನಚು ಇರುತ್ತದೆ. ಅಷ್ಟು ದೊಡ್ಡ ವಾದ್ಯವೃಂದದ ಮೇಲೆ ಒಬ್ಬನೇ ಮನುಷ್ಯನ ದನಿ ಮೈಕ್ ಇಲ್ಲದೆ ಕೇಳಿಸುವುದು ಅದರಿಂದ. ನಮ್ಮ ನಟರು ಯಾವ ಪ್ರಯೋಗಾಲಯಕ್ಕೂ ಹೋಗದೆ, ತಮ್ಮ ಗಂಟಲಲ್ಲೇ ಅಂಥದೊಂದು ಮೊನಚನ್ನು ಹುಡುಕಿಕೊಂಡರು. ಪಕ್ಕದಲ್ಲೇ ನಿಂತು ಕೇಳಿದರೆ ಅದು ಚುಚ್ಚುತ್ತದೆ. ಬಯಲಿನ ಕೊನೆಯಲ್ಲಿ ನಿಂತು ಕೇಳಿದರೆ ಸರಿಯಾಗಿ ಬಂದು ಮುಟ್ಟುತ್ತದೆ.

ಇದು ನಾಟಕದವರ ಪಾಡು ಮಾತ್ರ ಅಂದುಕೊಳ್ಳಬೇಡಿ. ಪಿಟೀಲು ಚೌಡಯ್ಯನವರು 1920ರ ದಶಕದಲ್ಲಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದೂ ಸದ್ದು ಸಾಲದೆಂದೇ. ದೊಡ್ಡ ಸಭೆಯ ಹಿಂದಿನ ಸಾಲಿಗೆ ನಾಲ್ಕು ತಂತಿಯ ಪಿಟೀಲು ಕೇಳಿಸುತ್ತಿರಲಿಲ್ಲ. ಅವರು ಮಾಡಿದ್ದನ್ನು ನಾವು ಜಾಣತನ ಅನ್ನುತ್ತೇವೆ. ಅದೇ ತೊಂದರೆಗೆ ನಾಟಕದ ನಟ ಕಂಡುಕೊಂಡ ದಾರಿಗೆ ಮಾತ್ರ ಯಾಕೆ ಬೇರೆ ಹೆಸರು?

ಈಗ ಕಂದಕ್ಕೆ ಬರುತ್ತೇನೆ. ನಿಮಗೆ ಮೈ ಜುಮ್ಮೆನ್ನುವುದು ಅಲ್ಲೇ, ಹಾಗಾಗಿ ಅದನ್ನು ಬಿಚ್ಚಿ ನೋಡುವುದು ಒಳ್ಳೆಯದು. ಕಂದ ನಾಲ್ಕು ಸಾಲಿನ ಪದ್ಯ. ಮೊದಲ ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ 20. ನಾಲ್ಕೂ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಒಂದು ಸಾಲು ಗಿಡ್ಡ, ಒಂದು ಸಾಲು ಉದ್ದ, ಮತ್ತೆ ಗಿಡ್ಡ, ಮತ್ತೆ ಉದ್ದ. ಒಳ್ಳೆಯ ನಟ ಇದನ್ನು ಹೇಗೆ ಬಳಸುತ್ತಾನೆ ಅಂತ ಗಮನಿಸಿ. ಗಿಡ್ಡ ಸಾಲನ್ನು ಹೆಚ್ಚುಕಡಿಮೆ ಮಾತಿನಂತೆ ನಡು ಸ್ಥಾಯಿಯಲ್ಲಿ ಹೇಳಿಬಿಡುತ್ತಾನೆ. ಉದ್ದ ಸಾಲು ಬಂದಾಗ ದನಿ ಮೇಲಕ್ಕೆ ಹತ್ತುತ್ತದೆ, ಮೇಲಿನ ಷಡ್ಜ, ಅಂದರೆ ಮೇಲಿನ 'ಸ' ಮುಟ್ಟಿ ನಿಲ್ಲುತ್ತದೆ. ತಾಳ ಇಲ್ಲ. ತಬಲಾದವನು ಕೈ ಕಟ್ಟಿ ಕಾಯುತ್ತಿರುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ನಟನ ಬೆನ್ನಿಗೇ ಇದ್ದು, ಸಾಲು ಮುಗಿದ ಕಡೆ ಆ ಸ್ವರವನ್ನು ಎತ್ತಿ ಹಿಡಿಯುತ್ತಾರೆ. ಮೋಹನವೋ ಕಲ್ಯಾಣಿಯೋ ಕಾಪಿಯೋ, ಯಾವ ರಾಗ ಹಾಕಿದರೂ ಪ್ರಾಸದ ಅಕ್ಷರ ಮಸುಕಾಗಬಾರದು. ಕಚೇರಿಯ ಕೊನೆಯಲ್ಲಿ ನೀವು ದಾಸರ ಉಗಾಭೋಗವನ್ನೋ ಶ್ಲೋಕವನ್ನೋ ತಾಳವಿಲ್ಲದೆ ಹಾಡುತ್ತೀರಲ್ವಾ? ಕೆಲಸ ಬಹುಪಾಲು ಅದೇ. ಆದರೆ ಇಲ್ಲಿ ಹಾಡುವವನ ತಲೆಯ ಮೇಲೆ ಕಿರೀಟ, ಕೈಯಲ್ಲಿ ಗದೆ, ಎದುರಿಗೆ ಜಗಳಕ್ಕೆ ನಿಂತ ಇನ್ನೊಬ್ಬ. ಹಾಡು ಮುಗಿದ ಮರುಕ್ಷಣ ಆವೇಶದ ಮಾತು ಶುರುವಾಗಬೇಕು. ಉಸಿರು ಅದಕ್ಕೂ ಉಳಿದಿರಬೇಕು.

ಇನ್ನೊಂದು ಮಾತು. ಈ ಕಂದ ನಿನ್ನೆ ಮೊನ್ನೆಯದಲ್ಲ. ಪಂಪ, ರನ್ನರ ಕಾವ್ಯಗಳ ತುಂಬ ಇರುವುದು ಇದೇ. ರನ್ನ ತನ್ನ ದುರ್ಯೋಧನನನ್ನು ಕಟ್ಟಿದ್ದು 10ನೇ ಶತಮಾನದ ಕೊನೆಯಲ್ಲಿ. ಸಾವಿರ ವರ್ಷದ ಮೇಲೆ, ಹೊಳೆನರಸೀಪುರದ ಕಡೆಯ ಒಬ್ಬ ರೈತ ಅದೇ ದುರ್ಯೋಧನನ ವೇಷ ಹಾಕಿ, ಅದೇ ಅಳತೆಯ ಪದ್ಯವನ್ನು ಬಾಯಿಪಾಠ ಮಾಡಿ, ರಾಗ ಹಾಕಿ ಹಾಡುತ್ತಾನೆ. ಕಾಲೇಜಿನಲ್ಲಿ ಕಂದಕ್ಕೆ ಪ್ರಸ್ತಾರ ಹಾಕಿ ಪರೀಕ್ಷೆ ಬರೆದು ಮರೆತವರು ಎಷ್ಟೋ ಜನ. ಅದನ್ನು ಇಡೀ ರಾತ್ರಿ ಕೂತು ಕೇಳಿ 'ಒನ್ಸ್ ಮೋರ್' ಅನ್ನುವ ಜನ ಇರುವುದು ನಾಟಕದ ಮುಂದೆ. ಇದು ನನಗೆ ತುಂಬ ದೊಡ್ಡ ವಿಷಯ.

ಹಾರ್ಮೋನಿಯಂ ಬಗ್ಗೆ ನಿಮ್ಮ ಗೆಳತಿಯರು ಏನಾದರೂ ಅಂದಿದ್ದಾರೋ ಗೊತ್ತಿಲ್ಲ, ಆದರೆ ಒಂದಲ್ಲ ಒಂದು ದಿನ ಅಂದೇ ಅನ್ನುತ್ತಾರೆ. ಆ ದೂರಿಗೆ ದೊಡ್ಡ ಇತಿಹಾಸವೇ ಇದೆ. ಈ ವಾದ್ಯ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, 1840ರ ದಶಕದ ಆರಂಭದಲ್ಲಿ. ಅಲ್ಲಿ ಅದು ಕಾಲಲ್ಲಿ ತಿದಿ ತುಳಿದು, ಕುರ್ಚಿಯಲ್ಲಿ ಕೂತು ನುಡಿಸುವ ವಾದ್ಯ. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು 19ನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ನೆಲದ ಮೇಲಿಟ್ಟು ಒಂದು ಕೈಯಲ್ಲಿ ತಿದಿ ಒತ್ತುವ ಹಾಗೆ ಬದಲಾಯಿಸಿದರು. ನಮ್ಮ ನಾಟಕ ಕಂಪನಿಗಳು ಕಾಲು ಹಾರ್ಮೋನಿಯಂ ಅನ್ನೇ ಬಹಳ ಕಾಲ ಇಟ್ಟುಕೊಂಡವು. ನುಡಿಸಲು ಎರಡೂ ಕೈ ಖಾಲಿ ಇರುತ್ತದೆ, ಸದ್ದೂ ಜಾಸ್ತಿ, ಡೇರೆಗೆ ಹೇಳಿ ಮಾಡಿಸಿದ ಹಾಗಿತ್ತು.

ದೂರು ಏನೆಂದರೆ, ಇದರಲ್ಲಿ ಸ್ವರಗಳು ಕಟ್ಟಿಹಾಕಿದಂತೆ ನಿಂತಿರುತ್ತವೆ, ಒಂದರಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ. ಜೊತೆಗೆ ಶ್ರುತಿಯೂ ಪೂರ್ತಿ ಸರಿಯಿಲ್ಲ. ಇದರಲ್ಲಿ ನಿಜ ಇದೆ. ನೀವೇ ಪರೀಕ್ಷೆ ಮಾಡಿ. ತಂಬೂರಿ ಮೀಟಿ, ಅದರೊಳಗಿಂದ ತಾನಾಗಿ ಏಳುವ ಗಾಂಧಾರವನ್ನು, ಅಂದರೆ 'ಗ' ಸ್ವರವನ್ನು ಕೇಳಿಸಿಕೊಳ್ಳಿ. ಆಮೇಲೆ ಹಾರ್ಮೋನಿಯಂನಲ್ಲಿ ಅಂತರ ಗಾಂಧಾರ ಒತ್ತಿ. ಎರಡನೆಯದು ಒಂದು ಕೂದಲು ಮೇಲಿರುತ್ತದೆ. ಒಂದು ಸ್ಥಾಯಿಯನ್ನು 1,200 ಸೆಂಟ್ ಎಂದು ಅಳೆದರೆ ತಂಬೂರಿಯ ಗಾಂಧಾರ 386ರಲ್ಲಿ, ಸಮನಾಗಿ 12 ಭಾಗ ಮಾಡಿ ಶ್ರುತಿ ಕೂಡಿಸಿದ ಹಾರ್ಮೋನಿಯಂನ ಗಾಂಧಾರ 400ರಲ್ಲಿ. 14 ಸೆಂಟ್ ವ್ಯತ್ಯಾಸ ಪಳಗಿದ ಕಿವಿಗೆ ಗೊತ್ತಾಗುತ್ತದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಅದು ಯಾರಿಗೂ ಅಡ್ಡ ಬರುವುದಿಲ್ಲ.

ಈ ಕಾರಣಕ್ಕೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಟಾಗೋರರೂ ಅದರ ವಿರುದ್ಧವಾಗಿಯೇ ಇದ್ದರು. ದೇಶ ಸ್ವತಂತ್ರವಾದ ಮೇಲೂ ಬಾಗಿಲು ತೆರೆಯಲಿಲ್ಲ. 1971ರಲ್ಲಿ ಪಕ್ಕವಾದ್ಯವಾಗಿ ಒಳಗೆ ಬಿಟ್ಟರು, ಅದನ್ನು ಒಂಟಿಯಾಗಿ ನುಡಿಸುವವರು ಇನ್ನೂ ಬಹಳ ಕಾಲ ಕಾಯಬೇಕಾಯಿತು. ಆ 31 ವರ್ಷ ಹಾರ್ಮೋನಿಯಂ ಎಲ್ಲಿತ್ತು? ಹಿಂದುಸ್ತಾನಿ ಗಾಯಕರ ಬೈಠಕ್‌ಗಳಲ್ಲಿತ್ತು. ಭಜನೆಯ ಮನೆಗಳಲ್ಲಿತ್ತು. ನಮ್ಮ ಹಳ್ಳಿಗಳ ನಾಟಕದ ತಾಲೀಮಿನಲ್ಲಿತ್ತು. ಗದುಗಿನ ಪುಟ್ಟರಾಜ ಗವಾಯಿಗಳ ಕೈಯಲ್ಲಿತ್ತು. ಸರ್ಕಾರದ ರೇಡಿಯೊ ಬೇಡ ಅಂದ ವಾದ್ಯವನ್ನು ಕೇಳುವ ಜನ ಬಿಟ್ಟುಕೊಡಲಿಲ್ಲ. ಇವತ್ತು ಭೀಮಸೇನ ಜೋಶಿಯವರ ಹಳೆಯ ಕಚೇರಿ ಕೇಳುವವರು ಪಕ್ಕದ ಹಾರ್ಮೋನಿಯಂ ಬಗ್ಗೆ ಮುಖ ಸಿಂಡರಿಸುವುದಿಲ್ಲ. ಹಾಗಿದ್ದ ಮೇಲೆ ಮೇಷ್ಟ್ರ ಹಾರ್ಮೋನಿಯಂ ಯಾವ ತಪ್ಪು ಮಾಡಿತು? ನಾಟಕದಲ್ಲಿ ಸ್ವರ ಜಾರಿಸುವುದು, ಅಲುಗಿಸುವುದು ಎಲ್ಲ ನಟನ ಗಂಟಲಿನ ಕೆಲಸ. ಹಾರ್ಮೋನಿಯಂ ಅವನಿಗೆ ಇಳಿಯಲು ನೆಲ ಕೊಡುತ್ತದೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ನಿಮ್ಮ ಗೆಳತಿಯರ ಮನಸ್ಸಿನಲ್ಲಿ ಇರುವ ಚಿತ್ರ ಹೀಗಿರಬಹುದು: ಒಂದು ಕಡೆ ಶಾಸ್ತ್ರೀಯ ಸಂಗೀತ, ಅದರಿಂದ ತುಂಬ ದೂರ ಕೆಳಗೆಲ್ಲೋ ನಾಟಕದ ಹಾಡು. ನಡೆದ ಕಥೆ ಹಾಗಿಲ್ಲ. ನಿಮ್ಮ ತಾಲ್ಲೂಕಿನಲ್ಲೇ ಕಾವೇರಿ ದಂಡೆಯ ಮೇಲೆ ರುದ್ರಪಟ್ಟಣ ಇದೆ. ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ, ರುದ್ರಪಟ್ಟಣಂ ಸಹೋದರರು, ಒಂದು ಊರಿನಿಂದ ಇಷ್ಟು ವಿದ್ವಾಂಸರು ಬಂದಿದ್ದಾರೆ. ತಂಬೂರಿ ಆಕಾರದಲ್ಲಿ ದೇವಸ್ಥಾನ ಕಟ್ಟಿಕೊಂಡ ಊರು ಅದು. ಅದು ನಮ್ಮ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಅದೇ ಅರಕಲಗೂಡು ಸೀಮೆಯಲ್ಲಿ, ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿದ ಮೇಲೆ, ಹಳ್ಳಿ ಹಳ್ಳಿಯಲ್ಲಿ ನಾಟಕದ ಸೀನರಿ ಏಳುತ್ತದೆ. ಎರಡೂ ಒಂದೇ ನೀರು ಕುಡಿದು ಬೆಳೆದವು.

ನಾಟಕದ ಮಟ್ಟುಗಳು, ಅಂದರೆ ಹಾಡಿನ ಧಾಟಿಗಳು, ಬಂದ ದಾರಿಯಂತೂ ಸೊಗಸು. ನಮ್ಮ ಕರಾವಳಿಯ ಭಾಗವತರ ಯಕ್ಷಗಾನ ಮೇಳ ಸಾಂಗಲಿಗೆ ಹೋಗಿ ಆಡಿದ್ದನ್ನು ಅಲ್ಲಿನ ಅರಸರು ಮೆಚ್ಚಿದರು. ಆ ಮೆಚ್ಚುಗೆಯಿಂದಲೇ 1843ರಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕ ಕಟ್ಟಿದರು. ಮುಂದೆ 1880ರಲ್ಲಿ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಮರಾಠಿ ಕಂಪನಿಗಳು, ಪಾರ್ಸಿ ಕಂಪನಿಗಳು ತಿರುಗಿ ಮೈಸೂರಿಗೆ ಬಂದವು. ಅವನ್ನು ನೋಡಿದ ಚಾಮರಾಜೇಂದ್ರ ಒಡೆಯರು ಅರಮನೆಯಲ್ಲೇ ನಾಟಕದ ತಂಡ ಕಟ್ಟಿಸಿದರು, ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿತು. ಹೀಗೆ ಉತ್ತರದ ಭೀಮ್‌ಪಲಾಸ್, ಮಾಂಡ್, ಜಂಜೂಟಿಗಳೂ ದಕ್ಷಿಣದ ಕಲ್ಯಾಣಿ, ಮೋಹನಗಳೂ ಒಂದೇ ನಾಟಕದಲ್ಲಿ ಪಕ್ಕಪಕ್ಕ ಕೂತವು. ಹಿಂದುಸ್ತಾನಿ, ಕರ್ನಾಟಕ ಎರಡೂ ರಾಗಗಳನ್ನು ಇಷ್ಟು ಸಲೀಸಾಗಿ ಒಂದೇ ರಾತ್ರಿ ಹಳ್ಳಿಯವರಿಗೆ ಕೇಳಿಸಿದ ವೇದಿಕೆ ನಮ್ಮಲ್ಲಿ ಬೇರೆ ಯಾವುದಿತ್ತು ಹೇಳಿ.

ಜನರ ಓಡಾಟವೂ ಹಾಗೇ ಇತ್ತು. ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿದ್ದರು. ರಂಗದ ಮೇಲೆ ಹಾಡುತ್ತಿದ್ದ ಹುಡುಗನ ದನಿ ಸಂಗೀತಗಾರ ಅಪ್ಪಯ್ಯಸ್ವಾಮಿಗಳ ಕಿವಿಗೆ ಬಿದ್ದೇ ಅವರ ಪಾಠ ಶುರುವಾದದ್ದು. ಬಿ.ವಿ. ಕಾರಂತರು ಚಿಕ್ಕ ವಯಸ್ಸಿನಲ್ಲಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಡಾ. ರಾಜ್‌ಕುಮಾರ್ ತಂದೆಯ ಜೊತೆ ಅದೇ ಕಂಪನಿಯಲ್ಲಿ ಬೆಳೆದವರು. ಅವರ ಹಾಡಿನಲ್ಲಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತದಲ್ಲ, ಆ ಶಿಸ್ತು ನಾಟಕದ್ದು. ನಿಮ್ಮ ಗೆಳತಿಯರು ರಾಜ್‌ಕುಮಾರ್ ಹಾಡನ್ನು ಖಂಡಿತ ಪ್ರೀತಿಯಿಂದ ಕೇಳುತ್ತಾರೆ.

ನನಗೆ ಬೇಸರ ತರಿಸುವುದು ಒಂದಿದೆ. ಇದೇ ಹಾಡುಗಳನ್ನು ಬೆಂಗಳೂರಿನ ವೇದಿಕೆಯಲ್ಲಿ 'ರಂಗಗೀತೆ' ಅಂತ ಹಾಡಿದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಹಾಡಿದರೆ ಎಷ್ಟು ಚೆಂದ ಅನ್ನುತ್ತಾರೆ, ಅದು ನಿಜಕ್ಕೂ ಚೆಂದವೇ. ಅದೇ ಮಟ್ಟನ್ನು ಆಲೂರಿನ ಕಡೆಯ ಒಬ್ಬ ಬಸ್ ಕಂಡಕ್ಟರ್ ಕೃಷ್ಣನ ವೇಷದಲ್ಲಿ ಹಾಡಿದರೆ 'ಹಳ್ಳಿ ಡ್ರಾಮಾ'. ಸ್ವರ ಅದೇ, ರಾಗ ಅದೇ. ಬದಲಾದದ್ದು ಹಾಡುವವನ ಊರು ಮತ್ತು ಕೆಲಸ. ಆಗ ಆ ನಗು ಯಾರ ಮೇಲಿನದು?

ಇದು ನಮ್ಮಲ್ಲಷ್ಟೇ ಆಗುವುದಲ್ಲ. 1979ರ ಜುಲೈ 12ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಒಂದು ಬೇಸ್‌ಬಾಲ್ ಮೈದಾನದ ನಡುವೆ ರಾಶಿ ರಾಶಿ ಡಿಸ್ಕೊ ರೆಕಾರ್ಡುಗಳನ್ನು ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ, ಎರಡನೆಯ ಆಟವನ್ನೇ ಕೈಬಿಡಬೇಕಾಯಿತು. ಡಿಸ್ಕೊ ಚೆನ್ನಾಗಿಲ್ಲ ಅನ್ನುವುದು ಬಾಯಲ್ಲಿ ಹೇಳುತ್ತಿದ್ದ ಕಾರಣ. ಆದರೆ ಅಂದು ಅಲ್ಲಿ ಕೆಲಸಕ್ಕಿದ್ದ ವಿನ್ಸ್ ಲಾರೆನ್ಸ್ ಎಂಬ ಕರಿಯ ಹುಡುಗ ಆಮೇಲೆ ಹೇಳಿದ್ದೇನೆಂದರೆ, ಜನ ತಂದಿದ್ದು ಡಿಸ್ಕೊ ಒಂದೇ ಆಗಿರಲಿಲ್ಲ, ಡಿಸ್ಕೊಗೆ ಸಂಬಂಧವೇ ಇಲ್ಲದ ಕರಿಯರ ರೆಕಾರ್ಡುಗಳೂ ಅದರಲ್ಲಿದ್ದವು. ಕೆಲವೇ ವರ್ಷದಲ್ಲಿ ಅದೇ ಊರಿನಲ್ಲಿ ಹೌಸ್ ಎಂಬ ಹೊಸ ಸಂಗೀತ ಹುಟ್ಟಿತು, ಅದನ್ನು ಕಟ್ಟಿದವರಲ್ಲಿ ಆ ಹುಡುಗನೂ ಒಬ್ಬ. ಹಾಗಾಗಿ ಯಾರಾದರೂ ಒಂದು ಸಂಗೀತವನ್ನು ಕೇಳದೆಯೇ ನಕ್ಕರೆ, ಆ ನಗುವಿಗೂ ಸಂಗೀತಕ್ಕೂ ಸಂಬಂಧ ಕಡಿಮೆ ಅಂತ ನಾನು ತಿಳಿಯುತ್ತೇನೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಇದೆ. 'ಜಾನಪದ, ಮುಗ್ಧ, ನಮ್ಮ ಮಣ್ಣಿನದು' ಅಂತೆಲ್ಲ ಹೇಳಿ ನಾಟಕದ ಹಾಡನ್ನು ಸಮರ್ಥಿಸಬೇಡಿ. ಅದು ಅವರನ್ನು ಮಕ್ಕಳ ಸಾಲಿಗೆ ಕೂರಿಸಿದ ಹಾಗೆ. 'ಇದೂ ಶಾಸ್ತ್ರೀಯವೇ' ಅಂತಲೂ ವಾದಿಸಬೇಡಿ. ಕಚೇರಿಯಲ್ಲಿ ರಾಗವನ್ನೂ ಸಾಹಿತ್ಯವನ್ನೂ ಬೆಳೆಸುವ ತಾನಂ, ನೆರವಲ್ ಹುಡುಕಿಕೊಂಡು ನಾಟಕಕ್ಕೆ ಹೋದರೆ ಬರಿಗೈಯಲ್ಲಿ ಬರುತ್ತೀರಿ. ಅದರ ಕೆಲಸ ಬೇರೆ: ಒಂದು ಪಾತ್ರದ ಕೋಪ, ದುಃಖ, ಸೊಕ್ಕನ್ನು ನಾಲ್ಕು ಸಾಲಿನಲ್ಲಿ ಇಡೀ ಊರಿಗೆ ಮುಟ್ಟಿಸುವುದು. ಆ ಕೆಲಸ ಆಯಿತೋ ಇಲ್ಲವೋ ಅಂತ ನೋಡಿ. ಮತ್ತು ಅಲ್ಲಿ ಕಟ್ಟುನಿಟ್ಟಾಗಿರಿ. ಎಲ್ಲ ನಾಟಕವೂ ಚೆನ್ನಾಗಿರುವುದಿಲ್ಲ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡಿ ಹೇಳಬಲ್ಲವರ ಪ್ರೀತಿಯ ಮುಂದೆ ಯಾರೂ ಸುಲಭವಾಗಿ ನಗುವುದಿಲ್ಲ.

ನಾನು ಏನು ಕೇಳಿಸಿಕೊಳ್ಳುತ್ತೇನೆ ಅಂತ ಹೇಳುತ್ತೇನೆ. ಕಂದದ ಕೊನೆಯ ಸ್ವರದಲ್ಲಿ ನಟನ ದನಿ ಮತ್ತು ಹಾರ್ಮೋನಿಯಂ ಒಂದಾಗುತ್ತವೆಯೇ? ಮೇಲಿನ ಷಡ್ಜದಲ್ಲಿ ದನಿ ನಿಂತಿತೋ ಇಲ್ಲಾ ಒಂದಿಷ್ಟು ಕೆಳಗೇ ಜೋತುಬಿತ್ತೋ? ಕೃಷ್ಣನೂ ಭೀಮನೂ ಒಂದೇ ಥರ ಹಾಡಿದರೆ ಮೇಷ್ಟ್ರು ಪಾತ್ರ ಕಲಿಸಿಲ್ಲ, ಬರೀ ರಾಗ ಕಲಿಸಿದ್ದಾರೆ ಅಂತ ಅರ್ಥ. ಪದ್ಯದ ಮಾತನ್ನು ತಪ್ಪು ಜಾಗದಲ್ಲಿ ಮುರಿದರೆ ಅದು ಬಾಯಿಪಾಠ, ಅರ್ಥ ಒಳಗಿಳಿದಿಲ್ಲ. ಇತ್ತೀಚೆಗೆ ಬಹಳ ಕಡೆ ಸೌಂಡ್ ಸಿಸ್ಟಂನವರು ಎಕೋ ಹಾಕಿಬಿಡುತ್ತಾರೆ. ಒಂದು ಅಕ್ಷರದ ಬಾಲ ಇನ್ನೊಂದರ ಮೇಲೆ ಬಿದ್ದು ಪ್ರಾಸವೇ ಹಾಳಾಗುತ್ತದೆ. ಕೀಬೋರ್ಡ್‌ನ ಸಿದ್ಧ ತಾಳ, ರಿದಂ ಪ್ಯಾಡ್‌ನ ಗದ್ದಲ, ಹಳೆ ಮಟ್ಟಿನ ಜಾಗಕ್ಕೆ ಸಿನಿಮಾ ಹಾಡಿನ ಧಾಟಿ, ಇವೂ ನನಗೆ ಇಷ್ಟವಿಲ್ಲ. ನಟನಿಗೆ ಹಾರ ಹಾಕಲು ನೆಂಟರು ಹಾಡಿನ ನಡುವೆಯೇ ರಂಗಕ್ಕೆ ಹತ್ತಿದರೆ ಕಟ್ಟಿದ ರಸವೆಲ್ಲ ಅಲ್ಲೇ ಮುರಿದುಹೋಗುತ್ತದೆ. ದುಡ್ಡು ಕಟ್ಟಿ ಪಾತ್ರ ತೆಗೆದುಕೊಳ್ಳುವ ಪದ್ಧತಿ ಇರುವ ಕಡೆ, ಕೊರಳಿಲ್ಲದವರಿಗೂ ದೊಡ್ಡ ಪಾತ್ರ ಸಿಗುತ್ತದೆ. ಇದನ್ನೆಲ್ಲ ಮುಚ್ಚಿಡುವ ಅಗತ್ಯ ಇಲ್ಲ.

ಹಾಗೇ, ಹೆಣ್ಣು ಪಾತ್ರಗಳ ಕಲಾವಿದೆಯರನ್ನು ಗಮನಿಸಿ ಕೇಳಿ. ಗಂಡು ಪಾತ್ರಕ್ಕೆ ಊರವರು, ದ್ರೌಪದಿ, ಕುಂತಿಯರಿಗೆ ಹೊರಗಿನಿಂದ ಸಂಭಾವನೆಗೆ ಬರುವ ಕಲಾವಿದೆಯರು, ಇದು ನಮ್ಮ ಕಡೆ ರೂಢಿ. ಅವರಿಗೆ ಇದೇ ಕಸುಬು. ಇಂದು ಚನ್ನರಾಯಪಟ್ಟಣದ ಕಡೆ, ನಾಳೆ ಬೇಲೂರಿನ ಕಡೆ. ತಾಲೀಮಿಗೆ ಜಾಸ್ತಿ ಸಮಯ ಸಿಗದೆ, ಗೊತ್ತಿಲ್ಲದ ಮೇಷ್ಟ್ರ ಶ್ರುತಿಗೆ ಹೊಂದಿಕೊಂಡು, ಗೊತ್ತಿಲ್ಲದ ನಟನ ಎದುರು ಹಾಡುತ್ತಾರೆ. ಎಷ್ಟೋ ನಾಟಕಗಳಲ್ಲಿ ಆ ರಾತ್ರಿಯ ಒಳ್ಳೆಯ ಹಾಡು ಅವರದ್ದೇ. ಹಾರ ಮಾತ್ರ ದುರ್ಯೋಧನನ ಕೊರಳಿಗೆ.

ನಗುವವರಿಗೆ ಏನು ಹೇಳಬೇಕು ಅಂದಿರಿ. ಉದ್ದ ವಾದ ಬೇಡ. ನಾನು ಮೇಲೆ ಬರೆದ 1843, 1940 ಎಲ್ಲ ನಿಮ್ಮ ಸಮಾಧಾನಕ್ಕೆ, ಅವರ ಬಾಯಿ ಮುಚ್ಚಿಸಲು ಅಲ್ಲ. ಒಬ್ಬಳನ್ನು ಆರಿಸಿಕೊಳ್ಳಿ, ನಿಜವಾಗಿ ಕಿವಿ ಇರುವವಳನ್ನು. ಮೊಬೈಲಿನಲ್ಲಿ ಕೇಳಿಸಬೇಡಿ. ದೂರದಿಂದ ಹಿಡಿದ ವಿಡಿಯೊದಲ್ಲಿ ಎಕೋ ಮತ್ತು ಕೂಗು ಮಾತ್ರ ಉಳಿದಿರುತ್ತದೆ, ಅವಳು ನಗುವುದೇ ಸರಿ ಅನ್ನಿಸಿಬಿಡುತ್ತದೆ. ಹಾಸನದ ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕ ಆಗುತ್ತಲೇ ಇರುತ್ತವೆ. ಕರೆದುಕೊಂಡು ಹೋಗಿ, ಹಾರ್ಮೋನಿಯಂ ಇರುವ ಬದಿಯಲ್ಲಿ, ಮುಂದಿನಿಂದ ಐದಾರು ಸಾಲು ಬಿಟ್ಟು ಕೂರಿಸಿ. ಪೂರ್ತಿ ನಾಟಕ ಬೇಡ, ಕೃಷ್ಣ ಸಂಧಾನದ ದೃಶ್ಯ ಒಂದು ಸಾಕು. ಹೋಗುವ ಮೊದಲು ಒಂದು ಕಂದವನ್ನು ಕಾಗದದ ಮೇಲೆ ಬರೆದು ಕೊಡಿ, ಅರ್ಥ ಹೇಳಿ. ಸಾಹಿತ್ಯ ಗೊತ್ತಿಲ್ಲದೆ ಕೇಳಿದರೆ ಬರೀ ದನಿ ಕೇಳುತ್ತದೆ, ಗೊತ್ತಿದ್ದು ಕೇಳಿದರೆ ದನಿ ಯಾಕೆ ಮೇಲೆ ಹೋಯಿತು ಅಂತ ತಿಳಿಯುತ್ತದೆ. ಆಮೇಲೂ ಅವಳಿಗೆ ಇಷ್ಟವಾಗದಿದ್ದರೆ ಬಿಟ್ಟುಬಿಡಿ. ಕೇಳಿ ಬೇಡ ಅನ್ನುವುದು ಮರ್ಯಾದೆಯ ಮಾತು. ಇಯರ್‌ಫೋನ್ ಪ್ರಶ್ನೆಗೆ ಮಾತ್ರ ಇನ್ನು ಮುಂದೆ ನಿಜ ಹೇಳಿ. 'ಕುರುಕ್ಷೇತ್ರದ ಹಾಡು' ಅಂದರೆ ಮುಗಿಯಿತು. ಹಾಸನದ ಆಫೀಸಿನಲ್ಲಿ ಹಾಗೆ ಹೇಳಿ ನೋಡಿ, 'ನಮ್ಮಪ್ಪನೂ ಕರ್ಣ ಮಾಡ್ತಿದ್ರು' ಅನ್ನುವವರು ಒಬ್ಬರಾದರೂ ಸಿಗುತ್ತಾರೆ.

ದೊಡ್ಡಪ್ಪ ಇನ್ನೂ ಇದ್ದರೆ ಅವರ ಪಕ್ಕ ಕೂತು ಒಂದು ಕೆಲಸ ಮಾಡಿ. ಅವರು ಕಲಿತ ಕಂದಗಳನ್ನು ಹಾಡಿಸಿ, ಮೊಬೈಲಿನಲ್ಲಿ ಹಿಡಿದುಕೊಳ್ಳಿ. ದನಿ ನಡುಗಿದರೂ ಪರವಾಗಿಲ್ಲ. ಯಾವ ಮೇಷ್ಟ್ರು ಕಲಿಸಿದ್ದು, ಯಾವ ರಾಗ ಅಂದಿದ್ದರು ಅಂತ ಕೇಳಿ ಬರೆದಿಡಿ. ಮೇಷ್ಟ್ರು ಹೇಳಿದ ರಾಗದ ಹೆಸರೂ ನೀವು ಕಲಿತ ಹೆಸರೂ ಬೇರೆ ಬೇರೆ ಇದ್ದರೆ ತಿದ್ದಬೇಡಿ, ಎರಡನ್ನೂ ಬರೆಯಿರಿ. ನಾಟಕದ ಸಾಹಿತ್ಯ ಪುಸ್ತಕದಲ್ಲಿ ಸಿಗುತ್ತದೆ, ಮಟ್ಟು ಸಿಗುವುದಿಲ್ಲ. ಅದು ಒಬ್ಬ ಮೇಷ್ಟ್ರಿಂದ ಇನ್ನೊಬ್ಬರಿಗೆ ಬಾಯಿಂದಲೇ ಬಂದದ್ದು. ಸ್ವರಲಿಪಿ ಬರೆಯಬಲ್ಲ ನಿಮ್ಮಂಥವರು ಅದನ್ನು ಹಿಡಿದಿಟ್ಟರೆ ಉಳಿಯುತ್ತದೆ. ವಿದ್ವತ್‌ಗೆ ಓದಿದ್ದು ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಕೊನೆಯ ಪ್ರಶ್ನೆ, ನಿಮ್ಮ ಹಾಡಿಕೆ. ಕೇಳುವುದರಿಂದ ಏನೂ ಕೆಡುವುದಿಲ್ಲ. ಹಾಡುವಾಗ ಎರಡು ಕಡೆ ಎಚ್ಚರ ಬೇಕು. ಒಂದು ಶ್ರುತಿ. ಮೇಷ್ಟ್ರ ಎತ್ತರದ ಶ್ರುತಿಗೆ ನಿಮ್ಮ ಗಂಟಲನ್ನು ಎಳೆಯಬೇಡಿ. ನೀವು ಐದು ಮನೆ ಶ್ರುತಿಯಲ್ಲಿ ಹಾಡುವವರಾದರೆ ಕಂದವನ್ನೂ ಐದು ಮನೆಯಲ್ಲೇ ಹಾಡಿ. ಗಂಟಲು ಒತ್ತಿ ಮೊನಚು ತರಲು ಹೋದರೆ ದನಿ ಒಡೆಯುತ್ತದೆ. ನಟರು ಅದನ್ನು ವರ್ಷಗಟ್ಟಲೆ ಪಳಗಿಸಿಕೊಂಡಿರುತ್ತಾರೆ, ಅವರಲ್ಲೂ ಎಷ್ಟೋ ಜನರ ದನಿ ಬೇಗ ಹೋಗಿಬಿಟ್ಟಿದೆ. ಇನ್ನೊಂದು, ದಿನದ ಅಭ್ಯಾಸಕ್ಕೆ ಹಾರ್ಮೋನಿಯಂ ಇಟ್ಟುಕೊಳ್ಳಬೇಡಿ. ತಂಬೂರಿಯೇ ಇರಲಿ. ಆ 14 ಸೆಂಟ್ ನಿಮ್ಮ ಗಾಂಧಾರಕ್ಕೆ ಅಂಟಿಕೊಂಡರೆ ಬಿಡಿಸುವುದು ಕಷ್ಟ, ಸ್ವರ ಅಲುಗಿಸುವ ಗಮಕವೂ ಹಾರ್ಮೋನಿಯಂನ ಸ್ವರದ ಮನೆಗಳಿಗೆ ಕಟ್ಟುಬಿದ್ದು ಗಟ್ಟಿಯಾಗುತ್ತದೆ.

ಲಾಭವೂ ಇದೆ. ಸಾಹಿತ್ಯದ ಉಚ್ಚಾರ ಸ್ಪಷ್ಟವಾಗುತ್ತದೆ. ತಾಳದ ಆಸರೆ ಇಲ್ಲದೆ ನಾಲ್ಕು ಸಾಲನ್ನು ಕಟ್ಟುವ ಅಭ್ಯಾಸ ಉಗಾಭೋಗಕ್ಕೆ ನೇರವಾಗಿ ಬರುತ್ತದೆ. ವಾರಕ್ಕೊಮ್ಮೆ ಒಂದು ಕಂದ ತೆಗೆದುಕೊಂಡು ಮೋಹನದಲ್ಲಿ ನೀವೇ ರಾಗ ಹಾಕಿ ನೋಡಿ, ಮುಂದಿನ ವಾರ ಅದನ್ನೇ ಕಲ್ಯಾಣಿಯಲ್ಲಿ. ನಿಮ್ಮ ಗುರುಗಳಿಂದ ಇದನ್ನು ಬಚ್ಚಿಡಬೇಡಿ. ಅವರ ಮುಂದೆ ಕೂತು ಒಂದು ಕಂದ ಹಾಡಿ ತೋರಿಸಿ, ಶ್ರುತಿ ಎಲ್ಲಿ ಜಾರಿತು ಅಂತ ಕೇಳಿ. ತಿದ್ದಿಸಿಕೊಳ್ಳಲು ಬಂದ ಶಿಷ್ಯೆಯನ್ನು ಗುರುಗಳು ವಾಪಸ್ ಕಳಿಸುವುದು ಅಪರೂಪ. ಪರೀಕ್ಷೆಯ ಹಿಂದುಮುಂದಿನ ವಾರಗಳಲ್ಲಿ ಮಾತ್ರ ರಾತ್ರಿಯಿಡೀ ನಿದ್ದೆಗೆಟ್ಟು ನಾಟಕ ನೋಡಲು ಹೋಗಬೇಡಿ. ನಿದ್ದೆಗೆಟ್ಟ ಮರುದಿನ ಮೇಲಿನ ಸ್ಥಾಯಿ ಏಳುವುದಿಲ್ಲ.